ಉಸಿರುಗುಂಡು

ಮನೆ, ಮೇಲ್ಮಹಡಿಯ ಕಿಟಕಿ ಪಕ್ಕ
ಜನವರಿ ೯, ಗುರುವಾರ

ನನ್ನ ಮುದ್ದು ಗುಬ್ಬಚ್ಚಿಗೆ ಅಜ್ಜಿಯ ನೂರು ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಬೆಟ್ಟದ ತುದಿಯ ಆ ಹವಾಮಾನ ಕೇಂದ್ರದಲ್ಲಿ ಕೂತು ಊರಿಗೆಲ್ಲ ಚಳಿ ಎಷ್ಟು, ಗಾಳಿ ಎಷ್ಟು ಎಂದು ಹೇಳುವವಳಿಗೆ ಸ್ವಂತ ಮೈಯ ಕಡೆ ನೋಡಿಕೊಳ್ಳಲು ಪುರುಸೊತ್ತಿದೆಯೋ ಇಲ್ಲವೋ. ಹೋದ ಸಲ ಬಂದಾಗ ಕೆಮ್ಮುತ್ತಿದ್ದೆ. ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಹೆಣೆದುಕೊಟ್ಟ ಕೈಗವಸು ಹಾಕಿಕೊಳ್ಳುತ್ತಿದ್ದೀಯ ತಾನೇ? ಒಂದರ ಹೆಬ್ಬೆರಳು ಉದ್ದವಾಗಿದೆ ಎಂದು ಗೆಳತಿಯರ ಮುಂದೆ ನಕ್ಕಿದ್ದು ನನಗೆ ಗೊತ್ತು. ಇನ್ನೊಂದು ಮಾತು. ಬೆಳಿಗ್ಗೆ ಹೊರಗೆ ಬಂದಾಗ ನಿನ್ನ ಬಾಯಿಂದ ಹಬೆ ಬರುತ್ತದೆಯೇ? ಅಜ್ಜಿಗೆ ಅರಳುಮರಳು ಎಂದುಕೊಳ್ಳಬೇಡ, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಬರೆ. ಮೊದಲು ನೋಡಿ, ಆಮೇಲೆ ಬರೆ.

ನಾನು ಚೆನ್ನಾಗಿದ್ದೇನೆ. ಮಂಡಿನೋವಿಲ್ಲ, ಎದೆಯುಬ್ಬಸವಿಲ್ಲ. ಮದುವೆಯಾದ ಹೊಸತರಲ್ಲೂ ಮೈ ಇಷ್ಟು ಹಗುರವಿರಲಿಲ್ಲ. ಆದರೆ ಈ ಮನೆಯವರ ಕಿವಿಗೆ ಏನಾಗಿದೆಯೋ, ಒಂದು ಮಾತನ್ನು ಎರಡು ಸಲ ಹೇಳಿದರೂ ತಿರುಗಿ ನೋಡುವವರಿಲ್ಲ. ನಿನ್ನೆ ನಿಮ್ಮಮ್ಮ ಎಲ್ಲರಿಗೂ ಕಾಫಿ ಕೊಟ್ಟು, ನನ್ನ ಲೋಟವನ್ನು ತೊಳೆದು ಕಪಾಟಿನಲ್ಲಿಟ್ಟಳು. ಬೈಯಬೇಕೆಂದುಕೊಂಡೆ, ಬಿಟ್ಟೆ. ಮಂಗಳವಾರ ನಿನಗೆ ಫೋನ್ ಮಾಡಿದ್ದೆ. ನೀನು ಹಲೋ ಹಲೋ ಎಂದು ಕೂಗಿ, ‘ಈ ದರಿದ್ರ ಲೈನು’ ಎಂದು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಬರೆಯಲು ಕೂತಿರುವ ಕಿಟಕಿಯ ಗಾಜು ಕನ್ನಡಿಯಷ್ಟು ಸ್ವಚ್ಛವಾಗಿದೆ. ಹೊರಗೆ ಎಂಥ ಚಳಿ, ಆದರೂ ಮಂಜು ಹಿಡಿದಿಲ್ಲ, ಬೀದಿಯೆಲ್ಲ ಕಾಣುತ್ತದೆ.

ಈಗ ಸುದ್ದಿ. ನಮ್ಮ ಗಾಜಿನ ಕಾರ್ಖಾನೆಯ ಹಳೆಯ ಗೋದಾಮು ರಸ್ತೆ ಅಗಲಿಸುವುದಕ್ಕೆ ಹೋಯಿತು, ಅದಕ್ಕೆ ಒಳ್ಳೆಯ ಹಣ ಬಂತು ಎನ್ನುವುದು ನಿನಗೆ ಗೊತ್ತೇ ಇದೆ. ಆ ಹಣ ಬಂದ ದಿನದಿಂದ ನಿಮ್ಮಪ್ಪನಿಗೂ ಚಿಕ್ಕಪ್ಪನಿಗೂ ಊಟದ ಮೇಜಿನಲ್ಲಿ ಜಟಾಪಟಿ. ಕುಲುಮೆಯನ್ನು ಹೊಸದಾಗಿ ಕಟ್ಟಿಸುವಾಗ ಅದನ್ನೇ ಅಡವಿಟ್ಟು ಬ್ಯಾಂಕಿನಿಂದ ತಂದ ಸಾಲವಿದೆಯಲ್ಲ, ಈ ಹಣದಲ್ಲಿ ಮೊದಲು ಅದನ್ನು ತೀರಿಸಿ ಕೈ ತೊಳೆದುಕೊಳ್ಳೋಣ ಎಂದು ನಿಮ್ಮಪ್ಪ. ಸಾಲ ಅದರ ಪಾಡಿಗೆ ಇರಲಿ, ಹೊರಗಿನವರ ಕೈಯಲ್ಲಿರುವ ನಮ್ಮ ಷೇರುಗಳನ್ನು ಕಂಪನಿಯೇ ಕೊಂಡು ರದ್ದು ಮಾಡೋಣ ಎಂದು ಚಿಕ್ಕಪ್ಪ. ಅವನ ಮಾತಿನಲ್ಲೂ ಹುರುಳಿತ್ತು, ಸುಳ್ಳು ಹೇಳಬಾರದು. ಸಾಲದ ಬಡ್ಡಿ ಕಡಿಮೆ, ಅದೂ ಏರದ ಬಡ್ಡಿ. ನಮ್ಮ ಷೇರು ಅದರ ಯೋಗ್ಯತೆಗಿಂತ ಅಗ್ಗಕ್ಕೆ ಸಿಗುತ್ತಿದೆ. ಕಂಪನಿಯ ಹಣ ಅಂದರೆ ಪಾಲುದಾರರ ಹಣ, ಬೇಕಾದವರು ತಮ್ಮ ಪಾಲು ತೆಗೆದುಕೊಂಡು ಹೋಗಲಿ ಎಂದ. ‘ಅದೇ ಹಾಸಿಗೆ ಅಣ್ಣಾ. ಮಲಗೋರು ಕಡಿಮೆ ಆದ್ರೆ ಉಳಿದೋರಿಗೆ ಕಾಲು ಚಾಚೋಕೆ ಜಾಗ ಆಗುತ್ತೆ.’ ನಿಮ್ಮಪ್ಪ ಕೈ ತೊಳೆಯಲು ಎದ್ದವನು ಅಲ್ಲೇ ನಿಂತು, ‘ಔಷಧಿ ಕಂಪನಿಯವರು ಒಂದು ವರ್ಷ ಸೀಸೆ ಬೇಡ ಅಂದ್ರೆ ಬ್ಯಾಂಕಿನವರು ಬಂದು ಕುಲುಮೆ ಆರಿಸ್ತಾರೆ. ಅವತ್ತು ಷೇರಿನ ಬೆಲೆ ಯಾರಿಗೆ ತೋರಿಸ್ತೀಯೋ?’ ಎಂದ. ಉರಿಯುವ ಕುಲುಮೆ ಒಮ್ಮೆ ಆರಿದರೆ ಒಳಗಿನ ಇಟ್ಟಿಗೆಯೆಲ್ಲ ಸೀಳುತ್ತದೆ, ಮತ್ತೆ ಹೊತ್ತಿಸುವ ಮಾತೇ ಇಲ್ಲ. ಅದೂ ನಿಜವೇ. ಇಬ್ಬರದೂ ಸರಿ ಎನ್ನಿಸುವುದು ಹೆತ್ತವಳ ಕರ್ಮ. ಮೂರನೆಯ ಡೈರೆಕ್ಟರ್ ನಮ್ಮ ಬೋಳುತಲೆಯ ವಕೀಲರು. ಅವರಿಗೆ ಷೇರು ಇಲ್ಲ, ಫೀಸು ಮಾತ್ರ. ಅವರು ಚಿಕ್ಕಪ್ಪನ ಕಡೆ ಕೈಯೆತ್ತಿದರು. ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದೇ ನಾವೆಲ್ಲ ಅಂದುಕೊಂಡೆವು. ಉಸಿರುಗುಂಡುಗಳ ನೆನಪು ಯಾರಿಗೂ ಬರಲಿಲ್ಲ. ಸಭೆಯ ಕೋಣೆಯ ಚಾವಣಿಯಿಂದ ತಂತಿಯಲ್ಲಿ ಇಳಿಬಿದ್ದಿರುವ ಆ ಗಾಜಿನ ಗುಂಡುಗಳ ಕೆಳಗೆ ನೀನು ಮಲಗಿಕೊಂಡು ಬಣ್ಣ ಎಣಿಸುತ್ತಿದ್ದೆ. ನಿಮ್ಮಜ್ಜ ಕಾರ್ಖಾನೆ ಶುರು ಮಾಡಿದಾಗ ಯಾವ ಬ್ಯಾಂಕೂ ಬಾಗಿಲು ತೆರೆಯಲಿಲ್ಲ, ಬೀದಿಯವರೇ ಷೇರು ಕೊಂಡರು. ಹಾಗೆ ಕೊಂಡ ಒಬ್ಬೊಬ್ಬರನ್ನೂ ಅವರು ಕುಲುಮೆಯ ಮುಂದೆ ನಿಲ್ಲಿಸುತ್ತಿದ್ದರು. ಮೇಸ್ತ್ರಿ ಊದುಗೊಳವೆಯ ತುದಿಗೆ ಕರಗಿದ ಗಾಜು ಸುತ್ತಿ ಕೊಡಬೇಕು, ಬಂದವರು ಒಂದೇ ಉಸಿರು ಊದಬೇಕು, ಬಿಸಿ ಇರುವಾಗಲೇ ಅದರ ಬಾಯಿ ಮುಚ್ಚಿಬಿಡಬೇಕು. ‘ದುಡ್ಡು ಕೊಟ್ಟು ದೂರ ನಿಂತೋನು ಸಾಲ ಕೊಟ್ಟ ಹಾಗೆ. ಉಸಿರು ಕೊಟ್ಟೋನು ನಮ್ಮ ಪಾಲುದಾರ’ ಎನ್ನುತ್ತಿದ್ದರು. ಮೊದಲ ಗುಂಡು ನನ್ನದು. ಅವತ್ತು ಮನೆ ಬಾಡಿಗೆಯ ಹಣವನ್ನೂ ಮರಳು ತರಲು ಸುರಿದಿದ್ದಾರೆಂದು ಜಗಳವಾಡಿ ಬಂದಿದ್ದೆ, ಸಿಟ್ಟಿನಲ್ಲಿ ಊದಿದೆ. ದಪ್ಪಗೆ, ಹಸಿರಾಗಿ, ಕುಂಬಳಕಾಯಿಯಂತೆ ಬಂತು. ಸಾಯುವವರೆಗೂ ಅದನ್ನು ತೋರಿಸಿ ನಗುತ್ತಿದ್ದರು. ನಿನ್ನದು ಗೊತ್ತಲ್ಲ, ನೀನು ಪುಟ್ಟವಳಿದ್ದಾಗ ಮಣೆಯ ಮೇಲೆ ನಿಂತು ಊದಿದ್ದು. ನಡುವೆ ನಗು ಬಂದು ಗುಂಡಿನ ಕೆನ್ನೆಯಲ್ಲಿ ಗುಳಿ ಬಿತ್ತು. ಗುಬ್ಬಚ್ಚಿ ಊದಿದ ಹಾಗಿದೆ ಎಂದು ಮೇಸ್ತ್ರಿ ಹೇಳಿದ್ದೇ ನಿನಗೆ ಹೆಸರಾಯಿತು. ಸತ್ತವರ ಗುಂಡನ್ನೂ ನಿಮ್ಮಜ್ಜ ಇಳಿಸಲು ಬಿಟ್ಟವರಲ್ಲ. ಅದು ಮಕ್ಕಳ ಪಾಲಿಗೆ ಹಾಗೇ ತೂಗುತ್ತಿತ್ತು.

ವಕೀಲರು ಬಿಡಲಿಲ್ಲ. ಕೊಂಡ ಷೇರನ್ನು ಕಂಪನಿ ಇಟ್ಟುಕೊಳ್ಳುವ ಹಾಗಿಲ್ಲ, ಅಳಿಸಿಬಿಡಬೇಕು. ಗುಂಡು ಅಲ್ಲಿ ತೂಗುತ್ತಿದ್ದರೆ ನಾಳೆ ಯಾರಾದರೂ ಹಕ್ಕು ಕೇಳುತ್ತಾರೆ ಎಂದರು. ಚಿಕ್ಕಪ್ಪನಿಗೂ ಸರಿ ಎನ್ನಿಸಿತು. ಒಡಕು ಗಾಜನ್ನು ಹೇಗೂ ಕುಲುಮೆಗೆ ಹಾಕುತ್ತೇವಲ್ಲ, ಇದನ್ನೂ ಹಾಕಿದರಾಯಿತು ಎಂದ. ಮೊದಲು ಷೇರು ಮಾರಿದವರು ಎದುರು ಮನೆಯ ಹಲ್ಲಿನ ಡಾಕ್ಟರು. ಮೇಸ್ತ್ರಿ ಕೊಕ್ಕೆಕೋಲಿನಿಂದ ಅವರ ಗುಂಡು ಇಳಿಸಿ ಕುಲುಮೆಯ ಬಾಯಿಗೆ ಇಟ್ಟರು. ನಾನೂ ನೋಡಲು ಹೋಗಿದ್ದೆ. ಅದು ಒಡೆಯಲಿಲ್ಲ. ಮೆಲ್ಲಗೆ ಮೆತ್ತಗಾಗಿ ಕುಸಿಯಿತು. ಕುಸಿಯುವಾಗ ಹೊರಗೆ ಚಾಚಬೇಕಾದ ಬೆಂಕಿಯೆಲ್ಲ ಒಳಕ್ಕೆ ಬಾಗಿತು, ನಿದ್ದೆಯಲ್ಲಿದ್ದವರು ಮಗ್ಗುಲು ಬದಲಿಸುವಾಗ ಬಿಡುವಂಥ ಒಂದು ನಿಟ್ಟುಸಿರು ಕೇಳಿಸಿತು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ಅವತ್ತು ಎರಕವಾದ ಸೀಸೆಗಳ ಒಳಗೆಲ್ಲ ಮಂಜು. ಪ್ಯಾಕಿಂಗಿನ ಹೆಂಗಸರು ಒರೆಸಿದರೂ ಹೋಗಲಿಲ್ಲ, ಒಲೆಯ ಪಕ್ಕ ಇಟ್ಟರೂ ಹೋಗಲಿಲ್ಲ. ಔಷಧಿ ಕಂಪನಿಯವರು ಪೆಟ್ಟಿಗೆ ಸಮೇತ ವಾಪಸ್ ಕಳಿಸಿದರು. ನಾನು ಒಂದರ ಬಾಯಿಗೆ ಮೂಗು ಹಿಡಿದು ನೋಡಿದೆ. ಲವಂಗದೆಣ್ಣೆಯ ವಾಸನೆ ಬಂತು. ಹಲ್ಲಿನ ಡಾಕ್ಟರ ಕೋಣೆಗೆ ಕಾಲಿಟ್ಟ ಕೂಡಲೇ ಹೊಡೆಯುವ ವಾಸನೆ, ನಿನಗೂ ಗೊತ್ತು.

ಆಮೇಲೆ ಚಳಿ ಬಿತ್ತು. ಬೆಳಿಗ್ಗೆ ಬಸ್ಸಿಗೆ ನಿಂತವರ ಬಾಯಲ್ಲೆಲ್ಲ ಹಬೆ, ಅವರ ನಡುವೆ ನಿಂತ ಡಾಕ್ಟರ ಬಾಯಲ್ಲಿ ಇಲ್ಲ. ಕಣ್ಣು ಮಸುಕೇನೋ ಎಂದು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ, ಇಲ್ಲ. ಅವರು ಏನೋ ಹೇಳುತ್ತಿದ್ದರು, ಪಕ್ಕದವರು ಅವರ ಹೆಗಲ ಮೇಲಿಂದ ಬಸ್ಸು ಬರುವ ದಾರಿ ನೋಡುತ್ತಿದ್ದರು. ಅವರ ದವಾಖಾನೆಯಲ್ಲಿ ಹಲ್ಲುನೋವಿನವರು ಸಾಲಾಗಿ ಕೂತಿರುತ್ತಾರೆ, ಡಾಕ್ಟರು ಬಾಗಿಲಲ್ಲಿ ನಿಂತು ಕರೆಯುತ್ತಾರೆ, ಯಾರೂ ಏಳುವುದಿಲ್ಲ. ಕೊನೆಗೆ ಡಾಕ್ಟರಿಲ್ಲವೆಂದು ಎದ್ದು ಹೋಗುತ್ತಾರೆ. ಎರಡನೆಯದಾಗಿ ಷೇರು ಕೊಟ್ಟವರು ನಮ್ಮ ಕೊಳಲು ಮೇಷ್ಟ್ರು. ಅವರ ಗುಂಡು ಕರಗಿದ ಮಾರನೆಯ ದಿನದಿಂದ ಕೊಳಲು ನುಡಿಯಲಿಲ್ಲ. ಎಲ್ಲೋ ಸೀಳಿದೆ ಎಂದುಕೊಂಡು ಪಾಪ, ಷೇರಿನ ಹಣದಲ್ಲೇ ಹೊಸ ಕೊಳಲು ತಂದರು. ಅದೂ ಮೂಕ.

ಇದಕ್ಕಿಂತ ನನ್ನನ್ನು ನಡುಗಿಸಿದ್ದು ಇನ್ನೊಂದು. ಮಾರದೆ ಉಳಿದವರು ಕೊಬ್ಬಿದೆವು ಮಗಳೇ. ಚಿಕ್ಕಪ್ಪ ಅಂಗಳದಲ್ಲಿ ನಿಂತು ಮಾತಾಡಿದರೆ ಅವನ ಬಾಯಿಂದ ಉಗಿಬಂಡಿಯಷ್ಟು ಹಬೆ. ಮೆಲ್ಲಗೆ ಮಾತಾಡೋ ಎಂದರೂ ಅವನ ದನಿ ಮಹಡಿಯವರೆಗೆ ಗುಂಯ್‌ಗುಡುತ್ತಿತ್ತು. ನಾನು ಈ ವಯಸ್ಸಿನಲ್ಲಿ ಮೆಟ್ಟಿಲುಗಳನ್ನು ಏದುಸಿರಿಲ್ಲದೆ ಹತ್ತತೊಡಗಿದೆ. ಸೊಸೆಯರು ಬೆರಗಾದರು, ನಾನು ಬೀಗಿದೆ. ಒಂದು ದಿನ ಮಧ್ಯಾಹ್ನ ಗೇಟಿನ ಬಳಿ ಗಿಡಕ್ಕೆ ನೀರು ಹಾಕುತ್ತ ಶಿಳ್ಳೆ ಹಾಕುತ್ತಿದ್ದೆ. ನಾನು, ಶಿಳ್ಳೆ! ನನ್ನ ಜೋಗುಳ ಕೇಳಿದರೆ ಮಲಗಿದ ಮಕ್ಕಳೂ ಎದ್ದು ಕೂರುತ್ತವೆ ಎಂದು ನಿಮ್ಮಜ್ಜ ಆಡಿಕೊಂಡಿದ್ದ ಬಾಯಿ ಇದು. ಆದರೆ ರಾಗ ಬಳುಕಿಕೊಂಡು ತಾನಾಗಿ ಬರುತ್ತಿತ್ತು. ತಲೆಯೆತ್ತಿದರೆ ಗೇಟಿನಾಚೆ ಕೊಳಲು ಮೇಷ್ಟ್ರು ನಿಂತಿದ್ದಾರೆ, ಕಣ್ಣು ತುಂಬಿದೆ. ‘ಅಮ್ಮಾ, ಅದು ನಾನು ನುಡಿಸ್ತಿದ್ದದ್ದು’ ಎಂದರು. ಅವರ ತುಟಿಯನ್ನೇ ನೋಡುತ್ತಿದ್ದುದರಿಂದ ನನಗೆ ತಿಳಿಯಿತು. ಅಷ್ಟರಲ್ಲಿ ನಿಮ್ಮಮ್ಮ ತರಕಾರಿ ಚೀಲ ಹಿಡಿದು ಬಂದವಳು ಅವರ ಎದೆಗೆ ತಾಗಿಕೊಂಡೇ ಒಳಗೆ ಹೋದಳು, ಯಾರೊಂದಿಗೆ ಮಾತಾಡುತ್ತಿದ್ದೀರಿ ಅತ್ತೆ ಎಂದು ಕೇಳಿದಳು. ಅವತ್ತಿನಿಂದ ನಾನು ಬಾಯಿ ಬಿಗಿದುಕೊಂಡೇ ಮೆಟ್ಟಿಲು ಹತ್ತಿದೆ. ಪ್ರತಿ ಮೆಟ್ಟಿಲಲ್ಲೂ ಅವರ ಉಸಿರನ್ನು ಕದ್ದು ಎಳೆದುಕೊಳ್ಳುತ್ತಿದ್ದೇನೆ ಎನ್ನಿಸಿ ನಾಚಿಕೆಯಾಗುತ್ತಿತ್ತು, ಭಯವೂ ಆಗುತ್ತಿತ್ತು.

ಚಿಕ್ಕಪ್ಪನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವನು ಕೆಟ್ಟವನಲ್ಲ, ನನ್ನ ಕೈ ಹಿಡಿದುಕೊಂಡೇ ಕೇಳಿದ. ಡಾಕ್ಟರಿಗೆ ವಯಸ್ಸಾಯಿತು, ಮೇಷ್ಟ್ರಿಗೆ ಶ್ವಾಸಕೋಶದ ತೊಂದರೆಯಿರಬೇಕು, ಖರ್ಚು ನಾನೇ ನೋಡಿಕೊಳ್ಳುತ್ತೇನೆ ಎಂದ. ಉಳಿದ ಷೇರಿನ ಬೆಲೆ ಎಷ್ಟು ಏರಿದೆ ಗೊತ್ತೇನಮ್ಮಾ ಎಂದು ಕೇಳಿ ನಕ್ಕ. ಆ ನಗುವಿನಲ್ಲಿ ಡಾಕ್ಟರ ಗಂಟಲಿನ ಒಂದು ಗೊರಗೊರ ಇತ್ತು, ಅವನಿಗೆ ಗೊತ್ತಾಗಲಿಲ್ಲ. ನಿಮ್ಮಪ್ಪನಿಗೆ ಹೇಳಿದರೆ ಅವನು ಮಂಜು ಹಿಡಿದ ಸೀಸೆಗಳಿಂದಾದ ನಷ್ಟವನ್ನು ಬರೆದುಕೊಂಡ, ಸಾಲದ ಕಂತಿನ ದಿನ ಹತ್ತಿರ ಬರುತ್ತಿದೆ ಎಂದು ಹಣೆ ಒತ್ತಿಕೊಂಡ. ನನ್ನ ಮಾತು ನಂಬಿದನೋ ಇಲ್ಲವೋ, ಅಂದಿನಿಂದ ಸಭೆಯ ಕೋಣೆಗೆ ಹೋಗುವುದನ್ನು ಮಾತ್ರ ಬಿಟ್ಟಿದ್ದಾನೆ. ಗಾಳಿಯಿಲ್ಲದಿದ್ದರೂ ಉಳಿದ ಗುಂಡುಗಳು ಅಲ್ಲಿ ತೂಗಾಡುತ್ತವೆ, ಒಂದಕ್ಕೊಂದು ತಗಲುವುದಿಲ್ಲ.

ಹೀಗಿರುವಾಗ ಹೋದ ವಾರ ಊಟಕ್ಕೆ ಕೂತಾಗ ಚಿಕ್ಕಪ್ಪ ಜೇಬಿನಿಂದ ಒಂದು ಲಕೋಟೆ ತೆಗೆದ. ‘ನಮ್ಮ ಗುಬ್ಬಚ್ಚಿನೂ ಷೇರು ಕೊಟ್ಟಿದ್ದಾಳೆ’ ಎಂದ. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮನೆ ಕೊಳ್ಳಲು ಮುಂಗಡ ಬೇಕಾಗಿತ್ತಂತೆ ನಿನಗೆ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಬೈಯುತ್ತಿಲ್ಲ. ಬಾಡಿಗೆ ಕೋಣೆಯಲ್ಲಿ ಎಷ್ಟು ದಿನ ಇರುತ್ತೀಯ, ಸ್ವಂತ ಬಾಗಿಲು ಬೇಕು ಅನ್ನಿಸುವುದು ತಪ್ಪಲ್ಲ, ಕಂಪನಿ ಕೊಟ್ಟ ಬೆಲೆಯೂ ನ್ಯಾಯವಾದದ್ದೇ. ಕಾಗದ ವಾಪಸ್ ಕೊಡು ಎಂದು ಅವನನ್ನು ಗೋಗರೆದೆ. ಗಡುವು ಮುಗಿಯಿತು, ಹಣ ಅವಳ ಖಾತೆಗೆ ಹೋಗಿಯಾಯಿತು, ಸೋಮವಾರ ಬೆಳಿಗ್ಗೆ ಗುಂಡು ಇಳಿಸಲು ಮೇಸ್ತ್ರಿಗೆ ಹೇಳಿದ್ದೇನೆ ಎಂದ. ಆ ಭಾನುವಾರ ನಾನು ಹೇಗೆ ಕಳೆದೆ ಎಂದು ಕೇಳಬೇಡ. ಬೆಟ್ಟದ ಮೇಲೆ ನೀನು ಕರೆದರೆ ಯಾರೂ ತಿರುಗದೆ ಹೋದರೆ? ಮಂಜಿನಲ್ಲಿ ದಾರಿ ತಪ್ಪಿ ಕೂಗಿಕೊಂಡರೆ? ನಿನ್ನ ನಗು ಯಾರದೋ ಗಂಟಲಲ್ಲಿ, ನಿನಗೆ ಗುರುತೇ ಇಲ್ಲದ ಪಾಲುದಾರನ ಗಂಟಲಲ್ಲಿ ಕೇಳಿಸಿದರೆ?

ಸೋಮವಾರ ಬೆಳಿಗ್ಗೆ ಶಾಲು ಹೊದ್ದು ನಾನೇ ಕಾರ್ಖಾನೆಗೆ ಹೋದೆ. ಗಾಬರಿಯಾಗಬೇಡ, ಕೆಲಸವಾಯಿತು. ನಿನ್ನ ಗುಂಡು ಕುಲುಮೆಗೆ ಹೋಗಿಲ್ಲ. ಹತ್ತಿಯಲ್ಲಿ ಸುತ್ತಿ, ನಿಮ್ಮಜ್ಜನ ಉಣ್ಣೆ ಕಾಲುಚೀಲದೊಳಗೆ ತುರುಕಿ, ಈ ಕೋಣೆಯ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟಿದ್ದೇನೆ. ಬೀಗದ ಕೈ ಎಲ್ಲಿರುತ್ತದೆಂದು ನಿನಗೆ ಗೊತ್ತು. ಮುಟ್ಟಿದರೆ ಇನ್ನೂ ಬೆಚ್ಚಗಿದೆ. ಕಿವಿಗೆ ಹಿಡಿದರೆ ಒಳಗೆ ನಗು ಬಂದು ಊದಲಾಗದ ಪುಟ್ಟ ಹುಡುಗಿಯೊಬ್ಬಳು ಕೇಳಿಸುತ್ತಾಳೆ. ನಿನ್ನೆಯಿಡೀ ಅದನ್ನೇ ಹಿಡಿದುಕೊಂಡು ಕೂತಿದ್ದೆ.

ಇನ್ನೇನು ಬರೆಯಲಿ. ಕಿಟಕಿಯಾಚೆ ಎದುರು ಮನೆಯ ಡಾಕ್ಟರು ನಿಂತಿದ್ದಾರೆ. ಇವತ್ತು ನನ್ನನ್ನು ನೋಡಿ ಕೈಬೀಸಿದರು. ನಾನೂ ಬೀಸಿದೆ. ನಾವಿಬ್ಬರೂ ಇಷ್ಟು ಸಲಿಗೆಯಿಂದ ಎಂದೂ ಮಾತಾಡಿದವರಲ್ಲ, ಈಗ ಬಹಳ ಹೊತ್ತು ಹರಟುತ್ತೇವೆ. ಮೇಷ್ಟ್ರೂ ಬಂದು ಸೇರುತ್ತಾರೆ. ನಿಮ್ಮಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರೂ ಕ್ಷೇಮ. ಹೊಸ ಮನೆಗೆ ದೊಡ್ಡ ಕಿಟಕಿಗಳಿರುವುದನ್ನೇ ನೋಡಿ ತೆಗೆದುಕೋ. ಕೋಟು ಹಾಕದೆ ಹೊರಗೆ ಹೋಗಬೇಡ. ನೀನು ನೂರು ವರ್ಷ ಗಟ್ಟಿಯಾಗಿ ನಗುತ್ತಿರು, ಅಷ್ಟೇ ನನ್ನ ಆಸೆ.

ಇತಿ ನಿನ್ನ
ಕುಂಬಳಕಾಯಿ ಅಜ್ಜಿ

ತಾ.ಕ.: ಮುಖ್ಯವಾದದ್ದು ಉಳಿದೇಹೋಯಿತು. ನಾನು ಬರೆದಿಟ್ಟ ಚೀಟಿ ನೋಡಿ ಮೇಸ್ತ್ರಿ ಇದನ್ನು ಅಂಚೆಗೆ ಹಾಕಲು ಕೆಳಗೆ ಕಾಯುತ್ತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಒಂದು ಷೇರು ರದ್ದಾದರೆ ಒಂದು ಗುಂಡು ಕರಗಬೇಕು, ಇಲ್ಲದಿದ್ದರೆ ವಕೀಲರು ಬಿಡುವುದಿಲ್ಲ. ಅದಕ್ಕೆ ನಿನ್ನದರ ಬದಲು ನನ್ನದನ್ನು ಕೊಟ್ಟೆ. ಮೇಸ್ತ್ರಿ ಆಗಲ್ಲ ಅಮ್ಮಾ ಎಂದು ಅತ್ತುಬಿಟ್ಟರು, ನಾನು ಗದರಿಸಿದೆ. ಅವರು ಕೇಳಿಸಿಕೊಂಡ ನನ್ನ ಕೊನೆಯ ಗದರಿಕೆ ಅದು. ದಪ್ಪ ಗಾಜು, ಕರಗಲು ಬಹಳ ಹೊತ್ತು ಹಿಡಿಯಿತು. ನೋವೇನೂ ಆಗಲಿಲ್ಲ, ನಂಬು. ಬರೆಯುವುದಕ್ಕೆ ಉಸಿರು ಬೇಕಾಗಿಲ್ಲ ನೋಡು, ಅದೇ ಪುಣ್ಯ. ಕಾಗದಪತ್ರದಲ್ಲಿ ನನ್ನ ಷೇರು ಇನ್ನೂ ಜೀವಂತವಾಗಿದೆ. ಮುಂದಿನ ತಿಂಗಳ ಸಭೆಯಲ್ಲಿ ನನ್ನ ಪರವಾಗಿ ನೀನು ಮತ ಹಾಕಲು ಭಾನುವಾರವೇ ಸಹಿ ಮಾಡಿದ ಅಧಿಕಾರಪತ್ರ ಇದರ ಜೊತೆಗಿದೆ. ತಪ್ಪದೆ ಬಾ. ಉಳಿದ ಹಣದಲ್ಲಿ ಬ್ಯಾಂಕಿನ ಸಾಲ ತೀರಲಿ, ಇನ್ನೊಂದು ಗುಂಡೂ ಇಳಿಯಬಾರದು ಎಂದು ಗಟ್ಟಿಯಾಗಿ ಹೇಳು. ಬ್ಯಾಂಕಿನವರು ನಮ್ಮಿಂದ ಹಣವನ್ನಷ್ಟೇ ವಾಪಸ್ ಕೇಳುತ್ತಾರೆ. ಬಂದ ಕೂಡಲೇ ಅಜ್ಜಿ ಎಲ್ಲಿ ಎಂದು ಮನೆಯೆಲ್ಲ ಹುಡುಕಬೇಡ, ಅವರಿಗೆ ಗೊತ್ತಿರುವುದಿಲ್ಲ. ನೆಟ್ಟಗೆ ಈ ಮಹಡಿ ಕೋಣೆಗೆ ಬಾ. ಕಿಟಕಿಯ ಗಾಜಿಗೆ ಬಾಯಿ ಹತ್ತಿರ ತಂದು ಒಮ್ಮೆ ಹಾ ಎಂದು ಉಸಿರು ಬಿಡು, ಆಮೇಲೆ ಒಂದು ಹೆಜ್ಜೆ ಹಿಂದೆ ಸರಿ. ಅದರ ಮೇಲೆ ನಾನು ಬೆರಳಿನಿಂದ ಬರೆಯುತ್ತೇನೆ.